ಹೋಂಸ್ಟೇ ಉಪವಿಧಿ: ನರಗುಂದ, ಗಜೇಂದ್ರಗಡದ ದಾರಿಯಲ್ಲಿ ಕಲಿತದ್ದು



ಸದಸ್ಯ ಶಿಕ್ಷಣದ ಈ ಪುಟದಲ್ಲಿ ಸಾಮಾನ್ಯವಾಗಿ ಬೋರ್ಡೋ ದ್ರಾವಣ, ಸುಣ್ಣ, ಗೊಬ್ಬರ, ಕಾಯಿಕೊರಕ ಇಂಥ ವಿಷಯಗಳೇ ಬರುತ್ತವೆ. ಈ ಸಲದ ವಿಷಯ ಬೇರೆ. ಎಲೆಚುಕ್ಕಿ ರೋಗದಿಂದ ಅಡಿಕೆ ಫಸಲು ಕುಗ್ಗಿದ ಮೇಲೆ ನಮ್ಮ ಸಂಘದ ವ್ಯಾಪ್ತಿಯ ಹತ್ತು ಹದಿನೈದು ಮನೆಗಳವರು ತಮ್ಮ ಮನೆಯ ಒಂದೆರಡು ಕೋಣೆಗಳನ್ನು ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡತೊಡಗಿದ್ದು ತಮಗೆಲ್ಲ ಗೊತ್ತಿರುವ ಸಂಗತಿಯೇ. ಹೋಂಸ್ಟೇ ಎಂಬ ಹೆಸರು ದೊಡ್ಡದು. ನಡೆಯುವುದು ಇಷ್ಟೇ: ಮಕ್ಕಳು ಬೆಂಗಳೂರಿಗೆ ಹೋಗಿ ಖಾಲಿ ಬಿದ್ದ ಕೋಣೆಗೆ ಸುಣ್ಣ ಬಳಿದು, ಒಂದು ಸ್ನಾನದ ಮನೆ ಕಟ್ಟಿ, ಬಂದವರಿಗೆ ಕಡುಬು, ಅಕ್ಕಿರೊಟ್ಟಿ ಬಡಿಸುವುದು. ಸಂಘದ ಸಾಲದ ಕಂತನ್ನು ಈ ಹಣದಿಂದಲೇ ಕಟ್ಟುತ್ತಿರುವ ಸದಸ್ಯರು ನಮ್ಮಲ್ಲಿದ್ದಾರೆ. ಕಾರ್ಯದರ್ಶಿಯ ಮೇಜಿನ ಹಿಂದೆ ಕುಳಿತವರಿಗೆ ಅದು ಬೇಗ ಗೊತ್ತಾಗುತ್ತದೆ.

ಹೀಗಿರುವಾಗ ಕಳೆದ ಕೊಯ್ಲಿನ ಕಾಲದಲ್ಲಿ ನಮ್ಮ ಕಡೆಯ ಒಂದು ಗ್ರಾಮ ಪಂಚಾಯಿತಿ ಕರಡು ಉಪವಿಧಿಯೊಂದನ್ನು ನೋಟಿಸು ಹಲಗೆಗೆ ಹಚ್ಚಿತು. ದಿನಬಾಡಿಗೆಗೆ ಕೋಣೆ ಕೊಡುವ ಯಾವ ಮನೆಯೇ ಆಗಲಿ ಅದನ್ನು ವಸತಿಗೃಹವೆಂದು ಭಾವಿಸತಕ್ಕದ್ದು. ಮನೆ, ಕೊಟ್ಟಿಗೆ, ಕಣ, ಗೋದಾಮು ಸೇರಿ ಇಡೀ ಆಸ್ತಿಗೆ ವಾಣಿಜ್ಯ ದರದ ತೆರಿಗೆ. ಅಕ್ಕಪಕ್ಕದ ಎಲ್ಲ ಮನೆಯವರ ಲಿಖಿತ ಒಪ್ಪಿಗೆ ಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಅತಿಥಿಗಳನ್ನು ಇಳಿಸಿಕೊಳ್ಳಕೂಡದು. ಇದು ಅದರ ಸಾರಾಂಶ. ಎರಡು ಕೋಣೆಯ ಮನೆಗೂ ಗುಡ್ಡದ ಮೇಲಿನ ಮೂವತ್ತು ಕೋಣೆಯ ರೆಸಾರ್ಟಿಗೂ ಒಂದೇ ತಕ್ಕಡಿ.

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಆ ನೋಟಿಸು ಹಲಗೆಯ ಮೇಲೆ ಮೂರು ವಾರ ಇತ್ತು. ಅಂಚೆ ಕಚೇರಿಗೆ ಹೋಗುವಾಗ ನಾವು ದಿನವೂ ಅದರ ಮುಂದೆಯೇ ಹಾದು ಹೋಗಿದ್ದೇವೆ. ಕೊಯ್ಲಿನ ಗಡಿಬಿಡಿ, ಆಳುಗಳ ಅಭಾವ, ಕಣದಲ್ಲಿ ಹಣ್ಣು ಹರಡಿದ ದಿನ ಮೋಡ ಎಂದು ಎಷ್ಟು ನೆಪ ಹೇಳಿದರೂ ಓದಲಿಲ್ಲ ಎಂಬುದು ನಿಜ. ಆಕ್ಷೇಪಣೆಗೆ ನಾಲ್ಕು ದಿನ ಉಳಿದಿದ್ದಾಗ ಸದಸ್ಯರೊಬ್ಬರು ಫೋನಿನಲ್ಲಿ ಅದರ ಚಿತ್ರ ತೆಗೆದು ತಂದು ತೋರಿಸಿದರು. ಅವಸರದಲ್ಲಿ ಒಂದು ಪುಟದ ಅರ್ಜಿ ಬರೆದು ಕೊಟ್ಟೆವು. ಪಂಚಾಯಿತಿಯವರು ದೊಡ್ಡ ಮನಸ್ಸು ಮಾಡಿ ಎಲ್ಲರ ಅಹವಾಲು ಕೇಳಲು ಒಂದು ವಿಚಾರಣೆ ಇಡುವುದಾಗಿ ತಿಳಿಸಿದ್ದಾರೆ.

ಆ ಮೇಲೆ ನಡೆದ ಸಭೆಯಲ್ಲಿ ಎರಡು ಮಾತು ಬಂದವು. ತರುಣರು, ಉಪವಿಧಿ ಬಂದರೆ ಬರಲಿ, ಯಾರೂ ಪಾಲಿಸುವುದು ಬೇಡ, ಪಂಚಾಯಿತಿ ಕಚೇರಿಯ ಮುಂದೆ ಕೂರೋಣ ಎಂದರು. ಹಿರಿಯರು, ಈ ರಗಳೆಯೇ ಬೇಡ, ಹಲಗೆ ಇಳಿಸಿ ಸುಮ್ಮನೆ ಗೊತ್ತಿದ್ದವರಿಗೆ ಮಾತ್ರ ಕೋಣೆ ಕೊಡೋಣ ಎಂದರು. ಎರಡೂ ನಮಗೆ ಸರಿ ಕಾಣಲಿಲ್ಲ. ಬೇರೆ ಕಡೆ ಇಂಥ ಪ್ರಸಂಗದಲ್ಲಿ ಏನಾಯಿತೆಂದು ನೋಡಿ ಬರುವುದೆಂದು ಠರಾವಾಯಿತು. ಕೊಯ್ಲು ಮುಗಿದ ಮೇಲೆ ನಾಲ್ವರು ಸ್ವಂತ ಖರ್ಚಿನಲ್ಲಿ ಹೊರಟೆವು. ಕೊನೆಯ ಊರು ಹಂಪಿಯ ಎದುರು ದಂಡೆಯ ಆನೆಗೊಂದಿ. ದಾರಿ ಮಾತ್ರ ಬೇಕೆಂದೇ ಸುತ್ತು ಹಾಕಿ ನರಗುಂದ, ರೋಣ, ಗಜೇಂದ್ರಗಡದ ಮೇಲೆ ಇಟ್ಟುಕೊಂಡೆವು. ಕರ, ನಿಯಮಗಳ ವಿರುದ್ಧ ಜನ ಒಟ್ಟಾದ ಕಥೆ ಕೇಳಬೇಕಾದರೆ ಕರ್ನಾಟಕದಲ್ಲಿ ಮೊದಲು ಹೋಗಬೇಕಾದ ಊರು ನರಗುಂದವೇ.

ಹುಬ್ಬಳ್ಳಿ ದಾಟಿ ನವಲಗುಂದದ ಮೇಲೆ ನರಗುಂದಕ್ಕೆ ಹೋಗುವ ದಾರಿಯ ಎರಡೂ ಕಡೆ ಕಪ್ಪು ಎರೆ ಭೂಮಿ. ಮರದ ಕೆಳಗೇ ಹುಟ್ಟಿ ಬೆಳೆದ ನಮ್ಮಂಥವರಿಗೆ ಆ ಬಯಲು ಕಣ್ಣಿಗೆ ಹೊಸದು. ಇಲ್ಲಿ ನೆರಳಿಗೂ ಕರ ಹಾಕಬಹುದು ನೋಡಿ ಎಂದು ಜೊತೆಯ ಸದಸ್ಯರೊಬ್ಬರು ನಗೆಯಾಡಿದರು. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಅಣೆಕಟ್ಟು ಕಟ್ಟಿ ಈ ಬಯಲಿಗೆ ಕಾಲುವೆ ತಂದದ್ದು 1970ರ ದಶಕದಲ್ಲಿ. ಕಾಲುವೆ ಬಂದರೆ ಜಮೀನಿನ ಬೆಲೆ ಏರುತ್ತದೆ, ಆ ಏರಿಕೆಯಲ್ಲಿ ಸರ್ಕಾರಕ್ಕೂ ಪಾಲು ಬೇಕು ಎಂಬ ಲೆಕ್ಕದಲ್ಲಿ ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರ ಬಂತು. ಅದರ ಮೇಲೆ ನೀರಿನ ಕರ. ರೈತರ ದೂರು ಏನೆಂದರೆ, ನೀರು ತಲುಪದ ಹೊಲಕ್ಕೂ ಕರದ ನೋಟಿಸು ಬಂದಿದೆ, ನೀರು ತಲುಪಿದ ಕೆಲವು ಕಡೆ ಎರೆ ಭೂಮಿ ಜೌಗಾಗಿ ಸವುಳಾಗಿದೆ. ಅದೇ ಹೊತ್ತಿನಲ್ಲಿ ಹತ್ತಿಯ ಧಾರಣೆಯೂ ಬಿದ್ದಿತ್ತು. ಧಾರಣೆ ಬಿದ್ದ ವರ್ಷ ಬಂದ ಕರದ ನೋಟಿಸು ಎಷ್ಟು ಉರಿಯುತ್ತದೆ ಎಂದು ಕಾಫಿ, ಅಡಿಕೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಲಪ್ರಭಾ ಪ್ರದೇಶದ ರೈತರು ಸಮನ್ವಯ ಸಮಿತಿಯೊಂದನ್ನು ಕಟ್ಟಿಕೊಂಡರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಬಂದ್ ನಡೆಯಿತು, ತಹಶೀಲ್ದಾರ ಕಚೇರಿಯ ಮುಂದೆ ಜನ ಸೇರಿದರು, ಮಾತು ಕೈಮೀರಿತು, ಗೋಲಿಬಾರ್ ಆಯಿತು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂಡಿ ಎಂಬ ಇಬ್ಬರು ರೈತರು ಪ್ರಾಣ ಬಿಟ್ಟರು. ಗಲಭೆಯಲ್ಲಿ ಪೊಲೀಸರೂ ಸತ್ತರು. ಈ ಎರಡನೆಯ ಸಂಗತಿಯನ್ನು ವೇದಿಕೆಯ ಮೇಲೆ ಹೇಳುವವರು ಕಡಿಮೆ. ಅಭ್ಯಾಸಕ್ಕೆಂದು ಹೋದವರು ಅದನ್ನು ಬಿಡುವಂತಿಲ್ಲ. ನರಗುಂದದ ವೀರಗಲ್ಲಿನ ಎದುರು ಪ್ರತಿ ಜುಲೈ 21ರಂದು ರೈತರು ಸೇರುತ್ತಾರೆ. ನಾವು ಹೋದ ದಿನ ಅಲ್ಲಿ ಯಾರೂ ಇರಲಿಲ್ಲ. ಯಾರೋ ಇಟ್ಟುಹೋದ ಒಣಗಿದ ಹೂಮಾಲೆ ಇತ್ತು. ಚಪ್ಪಲಿ ಬಿಟ್ಟು ಸ್ವಲ್ಪ ಹೊತ್ತು ನಿಂತು ಬಂದೆವು.

ಆ ಬೆಂಕಿ ಅಲ್ಲಿಗೇ ನಿಲ್ಲಲಿಲ್ಲ. ಸರ್ಕಾರ ಅನೇಕ ರಿಯಾಯಿತಿಗಳನ್ನು ಪ್ರಕಟಿಸಬೇಕಾಯಿತು. ನಮ್ಮ ಕಡೆಯ ಶಿವಮೊಗ್ಗದ ಕಬ್ಬು ಬೆಳೆಗಾರರ ಹೋರಾಟವೂ ಇದರ ಜೊತೆ ಕೂಡಿ, ಅದೇ ವರ್ಷ ಎಚ್.ಎಸ್. ರುದ್ರಪ್ಪನವರ ಅಧ್ಯಕ್ಷತೆಯಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅದನ್ನು ಬೆಳೆಸಿದರು. 1983ರ ಜನವರಿಯ ಚುನಾವಣೆಯಲ್ಲಿ ಗುಂಡೂರಾಯರ ಸರ್ಕಾರ ಸೋತಿತು. 2015ರ ಜುಲೈನಲ್ಲಿ ಮಹದಾಯಿ ನೀರಿಗಾಗಿ ಧರಣಿ ಕೂತಾಗಲೂ ಊರು ಇದೇ.

ನಮ್ಮ ತರುಣ ಸದಸ್ಯರು ಇದನ್ನು ಕೇಳಿ, ನೋಡಿ, ಕೂತರೆ ಆಗುತ್ತದೆ ಎನ್ನಬಹುದು. ಆದರೆ ಒಂದು ವ್ಯತ್ಯಾಸವಿದೆ. ನರಗುಂದದಲ್ಲಿ ಕರದ ಭಾರ ಬಿದ್ದದ್ದು ಅಚ್ಚುಕಟ್ಟಿನ ಪ್ರತಿಯೊಬ್ಬನ ಮೇಲೆ. ಪಕ್ಕದ ಹೊಲದವನೂ ಅದೇ ನೋಟಿಸು ಕೈಯಲ್ಲಿ ಹಿಡಿದು ಬಂದಿದ್ದ. ನಮ್ಮ ವಿಷಯದಲ್ಲಿ ನಾವು ಹದಿನೈದು ಮನೆ. ಊರಿನ ಉಳಿದವರಿಗೆ ಈ ಉಪವಿಧಿಯಿಂದ ನಷ್ಟವಿಲ್ಲ. ಕೆಲವರಿಗೆ ಅದು ಬೇಕಾಗಿಯೇ ಇದೆ. ಶನಿವಾರ ಸಂಜೆ ಕಿರಿದಾದ ಮಣ್ಣು ರಸ್ತೆಯಲ್ಲಿ ಐದಾರು ಕಾರು ಎದುರಾದಾಗ ಹಾಲಿನ ಕ್ಯಾನು ಹಿಡಿದು ಬದಿಗೆ ಸರಿದು ನಿಲ್ಲುವವರು ಅವರು. ತೊರೆಗೆ ಬಿದ್ದ ಪ್ಲಾಸ್ಟಿಕ್ ತೇಲಿ ಹೋಗುವುದು ಅವರ ತೋಟಕ್ಕೆ. ನಮ್ಮಲ್ಲೇ ಒಂದು ಮನೆಯಲ್ಲಿ ರಾತ್ರಿ ಒಂದು ಗಂಟೆಯವರೆಗೆ ಹಾಡು ಹಾಕಿ ಕುಣಿದ ಗಲಾಟೆಯಾದದ್ದನ್ನು ಅವರು ಮರೆತಿಲ್ಲ. ಇಂಥ ವಿಷಯದಲ್ಲಿ ಪಂಚಾಯಿತಿಯ ಮುಂದೆ ನಾವು ಧರಣಿ ಕೂತರೆ, ಮರುದಿನ ನಮ್ಮ ವಿರುದ್ಧ ಕೂರಲು ಇನ್ನೂ ಹೆಚ್ಚು ಜನ ಬಂದಾರು. ನರಗುಂದದ ಬಲ ನೆರೆಯವರ ಬಲ. ನಮ್ಮಲ್ಲಿ ಆ ಬಲವನ್ನು ಮೊದಲು ಸಂಪಾದಿಸಿಕೊಳ್ಳಬೇಕು.

ಆ ರಾತ್ರಿ ನರಗುಂದದಲ್ಲೇ ಉಳಿದು ಮರುದಿನ ರೋಣದ ಮೇಲೆ ಹೋದೆವು. ಸಹಕಾರಿಗಳಾದ ನಾವು ಗದಗ ಜಿಲ್ಲೆಯಲ್ಲಿ ಓಡಾಡುತ್ತ ಕಣಗಿನಹಾಳವನ್ನು ನೆನೆಯದಿರುವುದು ಹೇಗೆ? 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಆ ಊರಿನಲ್ಲಿ. ಅದು ಗದಗಿನ ಬಳಿ, ನಮ್ಮ ದಾರಿಯಿಂದ ದೂರ. ಹೋಗಲಾಗಲಿಲ್ಲ ಎಂಬ ಬೇಸರ ಇನ್ನೂ ಇದೆ.

ಗಜೇಂದ್ರಗಡ ಮೊದಲು ರೋಣ ತಾಲ್ಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲ್ಲೂಕು. ಗುಡ್ಡದ ಮೇಲೆ ಕೋಟೆ, ಗುಡ್ಡದ ಮಗ್ಗುಲಲ್ಲಿ ಕಾಲಕಾಲೇಶ್ವರ, ಸುತ್ತ ಗಾಳಿಯಂತ್ರಗಳ ಸಾಲು, ಊರೊಳಗೆ ಮಗ್ಗದ ಸದ್ದು. ಟಿಪ್ಪುವಿಗೂ ಮರಾಠರಿಗೂ 1787ರಲ್ಲಿ ಒಪ್ಪಂದವಾದದ್ದು ಇಲ್ಲೇ. ಆ ಜಗಳಕ್ಕೆ ಮೊದಲು ಕಿಡಿ ಹೊತ್ತಿದ್ದು ನರಗುಂದದಲ್ಲಿ. ಕಾರಿನಲ್ಲಿ ಅರ್ಧ ದಿನಕ್ಕೆ ಮುಗಿಯುವ ದಾರಿ, ಅವರಿಗೆ ಎರಡು ವರ್ಷ ಹಿಡಿಯಿತು.

ಹತ್ತಿರದ ಸೂಡಿಗೆ ಹೋದೆವು. ಕಲ್ಯಾಣ ಚಾಲುಕ್ಯರ ಕಾಲದ ಜೋಡು ಕಳಶದ ಗುಡಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನಾಗಕುಂಡ. ಇಂಥ ಜಾಗ ನಮ್ಮ ಕಡೆ ಇದ್ದಿದ್ದರೆ ಸುತ್ತ ಹತ್ತು ಹೋಂಸ್ಟೇ ಹಲಗೆ ಕಾಣುತ್ತಿದ್ದವು. ಅಲ್ಲಿ ಇಳಿದುಕೊಳ್ಳುವ ಜಾಗ ವಿಚಾರಿಸಿದರೆ, "ಇಲ್ಲಿ ಎಲ್ಲೈತ್ರಿ, ಗಜೇಂದ್ರಗಡಕ್ಕ ಹೋಗ್ರಿ, ಇಲ್ಲಾ ಬದಾಮಿಗೆ ಹೋಗ್ರಿ. ಊಟ ಬೇಕಂದ್ರ ನಮ್ಮ ಮನಿಗೆ ಬರ್ರಿ" ಎಂದರು ಒಬ್ಬ ಯಜಮಾನರು. ಕರೆದುಕೊಂಡು ಹೋಗಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದರು. ಹಣ ಕೊಡಲು ಹೋದಾಗ ಅವರ ಮನೆಯವರು ಬೇಸರ ಮಾಡಿಕೊಂಡರು. ನಾವು ಅತಿಥಿಯ ಊಟಕ್ಕೆ ಬೆಲೆ ಬರೆದ ಪಟ್ಟಿ ಗೋಡೆಗೆ ಅಂಟಿಸಿದವರು, ಸ್ವಲ್ಪ ನಾಚಿಕೆಯಾಯಿತು.

ಊಟವಾದ ಮೇಲೆ ಅವರಿಗೆ ಹೇಳಿದ ಒಂದು ಮಾತನ್ನು ಇಲ್ಲಿಯೂ ಹೇಳಬೇಕು. ಕೇಂದ್ರ ಪುರಾತತ್ವ ಇಲಾಖೆ ರಕ್ಷಿಸಿದ ಯಾವುದೇ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರು ನಿಯಂತ್ರಿತ ಪ್ರದೇಶ. 1958ರ ಕಾಯಿದೆಗೆ 2010ರಲ್ಲಿ ಬಂದ ತಿದ್ದುಪಡಿ ಇದು. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡವಿಲ್ಲ, ಇದ್ದ ಮನೆಯ ದುರಸ್ತಿಗೂ ಅನುಮತಿ ಬೇಕು. ಮುಂದೆ ಯಾರಾದರೂ ಅತಿಥಿಗಳಿಗೆಂದು ಎರಡು ಕೋಣೆ ಕಟ್ಟಲು ಹೊರಟರೆ ಮೊದಲು ಅಳತೆ ಟೇಪು ಹಿಡಿಯುವುದು ಒಳ್ಳೆಯದು. ಯಾರ ಗಮನಕ್ಕೂ ಬಾರದೆ ಆಗಲೇ ಜಾರಿಯಲ್ಲಿರುವ ನಿಯಮವೇ ಎಲ್ಲಕ್ಕಿಂತ ಅಪಾಯದ್ದು. ಅದು ಎಷ್ಟು ಅಪಾಯದ್ದೆಂದು ಮುಂದಿನ ಊರಿನಲ್ಲಿ ಕಂಡೆವು.

ಗಜೇಂದ್ರಗಡದಿಂದ ಕುಷ್ಟಗಿಯ ಕಡೆ ಇಳಿದು ಗಂಗಾವತಿಗೆ ಹೋಗಿ ಆನೆಗೊಂದಿ ಸೇರಿದೆವು. ಹಂಪಿಯ ವಿರೂಪಾಕ್ಷ ಗುಡಿಯ ಎದುರಿಗೆ, ತುಂಗಭದ್ರೆಯ ಆಚೆ ವಿರೂಪಾಪುರ ಗಡ್ಡೆ ಇದೆ. ವಿದೇಶಿ ಪ್ರವಾಸಿಗರು ಬೋಟಿನಲ್ಲಿ ದಾಟಿ ಬಂದು ವಾರಗಟ್ಟಲೆ ತಂಗುತ್ತಿದ್ದ ಜಾಗ ಅದು. ಬತ್ತದ ಗದ್ದೆಗಳ ಮಗ್ಗುಲಲ್ಲಿ ಗುಡಿಸಲು, ಅತಿಥಿಗೃಹ, ತಿಂಡಿಯಂಗಡಿಗಳು ವರ್ಷ ವರ್ಷಕ್ಕೆ ಏರಿದವು. ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಕೆಳಗೆ ಈ ಪ್ರದೇಶವನ್ನು ರಕ್ಷಿತವೆಂದು ಸಾರಿದ ಅಧಿಸೂಚನೆ 1988ರದು. ರಕ್ಷಿತ ಪ್ರದೇಶದಲ್ಲಿ ಜಮೀನಿನ ಒಡೆಯನೇ ಆದರೂ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. 2002ರ ಕಾಯಿದೆಯಿಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವೂ ಬಂತು. ಪ್ರಾಧಿಕಾರ ತೆರವಿನ ನೋಟಿಸು ಕೊಟ್ಟಾಗ ಅತಿಥಿಗೃಹದವರು ಒಟ್ಟಾಗಿ ನ್ಯಾಯಾಲಯಕ್ಕೆ ಹೋದರು. 2015ರಲ್ಲಿ ಹೈಕೋರ್ಟಿನಲ್ಲಿ ಸೋತರು. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟು ಅವರ ಮೇಲ್ಮನವಿಯನ್ನು ತಳ್ಳಿಹಾಕಿತು. ಮಾರ್ಚ್ ಮೊದಲ ವಾರದಲ್ಲಿ ಜೆಸಿಬಿಗಳು ಬಂದವು. ಅದೇ ತಿಂಗಳ ಕೊನೆಯಲ್ಲಿ ಕೊರೋನಾ ಲಾಕ್‌ಡೌನು. ಒಂದೇ ತಿಂಗಳಲ್ಲಿ ಮನೆಯೂ ಹೋಯಿತು, ಕೂಲಿಗೆ ಹೋಗುವ ದಾರಿಯೂ ಹೋಯಿತು.

ನದಿಯ ಈಚೆ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ವಾಸವಾಗಿದ್ದು ಅಂಗಡಿ ಇಟ್ಟಿದ್ದ ಕುಟುಂಬಗಳನ್ನು 2011ರಲ್ಲಿ ತೆರವು ಮಾಡಿಸಿದ್ದು ಬೇರೆ ಕಥೆ. ಅಲ್ಲಿಯ ದುಃಖವೂ ಸಣ್ಣದಲ್ಲ. ಸ್ಮಾರಕ ಉಳಿಯಬೇಕೆಂಬ ಮಾತಿಗೂ ನಮ್ಮ ತಕರಾರಿಲ್ಲ. ನಾವು ನೋಡಬೇಕಾದದ್ದು ಇಸವಿಗಳನ್ನು. ಅಧಿಸೂಚನೆ 1988, ಕೊನೆಯ ತೀರ್ಪು 2020. ನಡುವಿನ 32 ವರ್ಷ ಆ ಕಾಗದವನ್ನು ಅಷ್ಟಾಗಿ ಯಾರೂ ಲೆಕ್ಕಕ್ಕೆ ಇಟ್ಟಂತೆ ಕಾಣುವುದಿಲ್ಲ. ಕಣ್ಣೆದುರೇ ಕಟ್ಟಡ ಏಳುತ್ತಿದ್ದವು, ಪ್ರವಾಸಿಗರು ಬರುತ್ತಿದ್ದರು. ಹೀಗೆ ನಡೆಯುತ್ತಿದ್ದುದನ್ನೇ ಜನ ಅನುಮತಿಯೆಂದು ತಿಳಿದರು. ಅವರು ಸಂಘಟಿತರಾದದ್ದು ನೋಟಿಸು ಮನೆಗೆ ಬಂದ ಮೇಲೆ. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಹಲಗೆ ಇಳಿಸಿ ಸುಮ್ಮನೆ ನಡೆಸೋಣ ಎಂದ ನಮ್ಮ ಹಿರಿಯ ಸದಸ್ಯರು ಇದನ್ನು ಎರಡು ಸಲ ಓದಬೇಕೆಂದು ಪ್ರಾರ್ಥನೆ.

ಆನೆಗೊಂದಿಯಲ್ಲಿ ಇನ್ನೊಂದು ರೀತಿಯನ್ನೂ ಕಂಡೆವು. 1997ರಿಂದ ಅಲ್ಲಿ ಕೆಲಸ ಮಾಡುತ್ತಿರುವ ಕಿಷ್ಕಿಂದಾ ಟ್ರಸ್ಟ್, ಬಾಳೆನಾರಿನ ಕೈಕಸುಬಿನ ಜೊತೆಗೆ ಊರಿನ ಹಳೆಯ ಮನೆಗಳನ್ನು ಹಳೆಯ ರೀತಿಯಲ್ಲೇ ದುರಸ್ತಿ ಮಾಡಿ ಅತಿಥಿಗಳಿಗೆ ಬಳಸಿದೆ. ಹೊಸದನ್ನು ಕಟ್ಟದೆ ಇದ್ದ ಮನೆಯಲ್ಲೇ ಇಳಿಸಿಕೊಳ್ಳುವುದು ಎಂಬ ಈ ಅಂಶ ನಮ್ಮ ಹೇಳಿಕೆಗೆ ಉಪಯೋಗವಾಗುತ್ತದೆ. ಇನ್ನೊಂದನ್ನೂ ಮುಚ್ಚಿಡಬಾರದು. 2025ರ ಮಾರ್ಚ್‌ನಲ್ಲಿ ಹತ್ತಿರದ ಸಾಣಾಪುರದಲ್ಲಿ ರಾತ್ರಿ ಹೊರಗೆ ಕುಳಿತಿದ್ದ ಪ್ರವಾಸಿಗರ ಮೇಲೂ ಅವರ ಜೊತೆಗಿದ್ದ ಹೋಂಸ್ಟೇ ನಡೆಸುವ ಹೆಣ್ಣುಮಗಳ ಮೇಲೂ ಘೋರ ಅಪರಾಧ ನಡೆದು ಒಬ್ಬರು ಪ್ರಾಣ ಕಳೆದುಕೊಂಡರು. ಅಧಿಕಾರಿಗಳು ಹೋಂಸ್ಟೇ ಎಂದೊಡನೆ ಗಟ್ಟಿ ನಿಯಮ ಬೇಕೆನ್ನುವುದು ಬರೀ ಹಟದಿಂದಲ್ಲ. ಅತಿಥಿಯ ಜೀವ ನಮ್ಮ ಜವಾಬ್ದಾರಿ ಎಂದು ನಾವೇ ಮೊದಲು ಬರೆದುಕೊಟ್ಟರೆ ಆ ಹೆದರಿಕೆ ಅರ್ಧ ಇಳಿಯುತ್ತದೆ.

ಹೊರದೇಶಗಳಲ್ಲಿಯೂ ಇದೇ ಜಗಳವಿದೆ. ಒಂದೆರಡನ್ನು ಮಾತ್ರ ಹೇಳುತ್ತೇವೆ. ನ್ಯೂಯಾರ್ಕ್ ನಗರದಲ್ಲಿ 2023ರ ಸೆಪ್ಟೆಂಬರಿನಿಂದ ಒಂದು ಕಟ್ಟಳೆ ಜಾರಿಗೆ ಬಂದಿದೆ. ಮೂವತ್ತು ದಿನಕ್ಕಿಂತ ಕಡಿಮೆ ಕಾಲಕ್ಕೆ ಮನೆ ಕೊಡುವವರು ನಗರಾಡಳಿತದಲ್ಲಿ ನೋಂದಾಯಿಸಿಕೊಳ್ಳಬೇಕು. ಅತಿಥಿ ಇರುವಾಗ ಮನೆಯವರು ಮನೆಯಲ್ಲೇ ಇರಬೇಕು. ಒಂದು ಸಲಕ್ಕೆ ಇಬ್ಬರೇ ಅತಿಥಿಗಳು. ಏರ್‌ಬಿಎನ್‌ಬಿ ಕಂಪನಿಯೂ ಕೆಲವು ಮನೆಯವರೂ ಹಾಕಿದ ದಾವೆಗಳು ಜಾರಿಗೆ ಮೊದಲೇ ವಜಾ ಆದವು. ಆ ಮೇಲೆ ಒಂದೆರಡು ಸಂಸಾರದ ಸಣ್ಣ ಮನೆಗಳ ಒಡೆಯರು ತಮ್ಮದೇ ಕೂಟ ಕಟ್ಟಿಕೊಂಡು, ದೊಡ್ಡ ಕಟ್ಟಡಗಳ ಜೊತೆ ನಮ್ಮನ್ನು ಸೇರಿಸಬೇಡಿ ಎಂದು ನಗರ ಪರಿಷತ್ತನ್ನು ಕೇಳತೊಡಗಿದರು. ನಾವು ಕೇಳಬೇಕೆಂದಿರುವುದೂ ಅದನ್ನೇ.

ಸ್ಯಾನ್ ಫ್ರಾನ್ಸಿಸ್ಕೋದ ಕಥೆ ಇನ್ನೂ ಸ್ವಾರಸ್ಯ. 2015ರ ನವೆಂಬರಿನಲ್ಲಿ, ವರ್ಷಕ್ಕೆ 75 ದಿನ ಮಾತ್ರ ಹೀಗೆ ಬಾಡಿಗೆ ಕೊಡಬಹುದೆಂಬ ಪ್ರಸ್ತಾಪವನ್ನು ಜನಮತಕ್ಕೆ ಹಾಕಿದರು. ಅದನ್ನು ಸೋಲಿಸಲು ಕಂಪನಿ 80 ಲಕ್ಷ ಡಾಲರಿಗೂ ಮೀರಿ ಖರ್ಚು ಮಾಡಿತು, ಮನೆಯವರನ್ನು ಮುಂದೆ ನಿಲ್ಲಿಸಿತು, ಗೆದ್ದಿತು. 2017ರಲ್ಲಿ ಅದೇ ಕಂಪನಿ ನಗರದೊಡನೆ ರಾಜಿ ಮಾಡಿಕೊಂಡು, ನೋಂದಣಿಯಿಲ್ಲದವರನ್ನು ತನ್ನ ಪಟ್ಟಿಯಿಂದ ತೆಗೆಯಲು ಒಪ್ಪಿತು. 2018ರ ಜನವರಿಯ ಹೊತ್ತಿಗೆ ಪಟ್ಟಿಯಲ್ಲಿದ್ದ ಮನೆಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಾಯವಾದವು. ದುಡ್ಡು ಕೊಟ್ಟವರು ರಾಜಿಗೆ ಹೊರಟಾಗ ನಿಮ್ಮನ್ನು ಕೇಳುವುದಿಲ್ಲ. ಗುಡ್ಡದ ಮೇಲಿನ ರೆಸಾರ್ಟಿನವರು ನಮ್ಮ ವಕೀಲರ ಖರ್ಚು ತಾವೇ ನೋಡಿಕೊಳ್ಳುತ್ತೇವೆ ಎಂದು ಹೇಳಿಕಳಿಸಿದ್ದು ಕೆಲವು ಸದಸ್ಯರಿಗೆ ಗೊತ್ತಿದೆ. ಅದಕ್ಕಾಗಿ ಇಷ್ಟು ದೂರದ ಕಥೆ ಹೇಳಬೇಕಾಯಿತು.

ಇನ್ನು ನಮ್ಮ ಉತ್ತರ ಹೇಗಿರಬೇಕು? ಮೊದಲು ಹೋಂಸ್ಟೇ ಎಂದರೆ ಏನೆಂಬುದನ್ನು ಉಪವಿಧಿಯಲ್ಲಿ ಬರೆಸಬೇಕು. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಯೋಜನೆಯಲ್ಲಿ ಒಂದರಿಂದ ಆರು ಕೋಣೆ, ಹೆಚ್ಚೆಂದರೆ 12 ಹಾಸಿಗೆ, ಒಡೆಯನ ಸಂಸಾರ ಅದೇ ಮನೆಯಲ್ಲಿ ವಾಸವಾಗಿರಬೇಕು ಎಂದಿದೆ. ಒಡೆಯ ಊರಲ್ಲಿಲ್ಲದೆ ಮೇಸ್ತ್ರಿಯ ಕೈಗೆ ಬೀಗ ಕೊಟ್ಟು ನಡೆಸುವುದು, ತೋಟದ ನಡುವೆ ಹತ್ತು ಕಾಟೇಜು ಕಟ್ಟುವುದು ಹೋಂಸ್ಟೇ ಅಲ್ಲ. ಈ ಮಾತು ನಮ್ಮ ಒಬ್ಬಿಬ್ಬರು ಸದಸ್ಯರಿಗೇ ತಾಗುತ್ತದೆ, ತಾಗಲಿ. ಅವರನ್ನೂ ಒಳಗೆ ಸೇರಿಸಿಕೊಳ್ಳಲು ಹೋದರೆ ಉಳಿದ ಹದಿಮೂರು ಮನೆಗಳು ರೆಸಾರ್ಟಿನ ತಕ್ಕಡಿಯಲ್ಲೇ ಉಳಿಯುತ್ತವೆ.

ತೆರಿಗೆಯೇ ಬೇಡ ಎನ್ನುವುದು ನ್ಯಾಯವಲ್ಲ. ಅತಿಥಿಗಳಿಗೆ ಕೊಡುವ ಕೋಣೆಗಳ ಅಳತೆಗೆ ತಕ್ಕಂತೆ ಹಾಕಲಿ. ಕಾಫಿ ಒಣಗಿಸುವ ಕಣಕ್ಕೂ ಅಡಿಕೆ ಬೇಯಿಸುವ ಮನೆಗೂ ಬೇಡ. ನೀರು ಬಾರದ ಹೊಲದ ಕರದಂತೆಯೇ ಇದೂ ಅಳೆದು ತೋರಿಸಬಹುದಾದ ವಿಷಯ. ಆದ್ದರಿಂದ ಪ್ರತಿ ಮನೆಯ ನಕ್ಷೆಯನ್ನು ಅಡಿ ಲೆಕ್ಕದಲ್ಲಿ ಬರೆದು ಕೊಡೋಣ. ಹೇಳುವ ಮಾತಿಗಿಂತ ಅಂಥ ಒಂದು ಹಾಳೆ ಕೆಲಸ ಮಾಡುತ್ತದೆ. ಜಿಎಸ್‌ಟಿಯ ವಿಷಯ ಕೇಳಿದವರಿಗೆ: ಸೇವೆಗೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದವರಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ನಮ್ಮಲ್ಲಿ ಯಾರೂ ಅದರ ಹತ್ತಿರಕ್ಕೂ ಬಂದಿಲ್ಲ.

ಮಳೆಗಾಲದ ನಾಲ್ಕು ತಿಂಗಳ ನಿಷೇಧವನ್ನು ಹೇಗೆ ಎದುರಿಸುವುದು ಎಂಬುದರ ಮೇಲೆ ಕಾರಿನಲ್ಲಿ ದೊಡ್ಡ ಚರ್ಚೆಯೇ ಆಯಿತು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದಾಗ ಜಿಲ್ಲಾಡಳಿತ ಪ್ರವಾಸಿಗರನ್ನು ತಡೆಯಿತು. ಅದು ಸರಿಯೇ ಆಗಿತ್ತು. ಆದರೆ ಅಪಾಯದ ದಿನ ಮುಚ್ಚುವುದು ಬೇರೆ, ಇಡೀ ಮಳೆಗಾಲ ಮುಚ್ಚುವುದು ಬೇರೆ. ಜಿಲ್ಲಾಡಳಿತ ಎಚ್ಚರಿಕೆ ಕೊಟ್ಟ ದಿನಗಳಲ್ಲಿ ನಾವೇ ಕೋಣೆ ಮುಚ್ಚುತ್ತೇವೆ, ಮುಂಗಡ ಹಣ ಹಿಂತಿರುಗಿಸುತ್ತೇವೆ ಎಂದು ಬರೆದು ಕೊಡುವುದು ನಮ್ಮ ಅಭಿಪ್ರಾಯ. ಇದಕ್ಕೆ ಒಪ್ಪದ ಸದಸ್ಯರು ಸಭೆಯಲ್ಲಿ ಹೇಳಬಹುದು.

ನೆರೆಯವರ ಒಪ್ಪಿಗೆಯ ಷರತ್ತು ಎಲ್ಲಕ್ಕಿಂತ ಕಠಿಣ. ಒಬ್ಬ ನೆರೆಯವನಿಗೆ ಗಡಿ ಬೇಲಿಯ ಹಳೆಯ ವ್ಯಾಜ್ಯವಿದ್ದರೆ ಸಾಕು, ಒಪ್ಪಿಗೆ ಎಂದೂ ಸಿಗುವುದಿಲ್ಲ. ಅದರ ಬದಲಿಗೆ ನೆರೆಯವರು ಲಿಖಿತ ದೂರು ಕೊಟ್ಟರೆ ಪಂಚಾಯಿತಿ ಇಬ್ಬರನ್ನೂ ಕರೆದು ಕೇಳಲಿ, ತಪ್ಪು ಕಂಡರೆ ನೋಂದಣಿ ನಿಲ್ಲಿಸಲಿ ಎಂದು ಕೇಳೋಣ. ಆದರೆ ಹೀಗೆ ಕೇಳುವ ಮೊದಲು ಪ್ರತಿ ಹೋಂಸ್ಟೇ ಮನೆಯವರು ತಮ್ಮ ಅಕ್ಕಪಕ್ಕದ ಮನೆಗಳಿಗೆ ತಾವೇ ಹೋಗಿ ಕುಳಿತು ಮಾತಾಡಬೇಕು. ಕಾಗದ ಹಿಡಿದು ಹೋಗುವುದು ಬೇಡ, ಬರಿಗೈಯಲ್ಲೇ ಹೋಗಿ. ಕಸ ತೊರೆಗೆ ಹಾಕುವುದಿಲ್ಲ, ಕಾರು ರಸ್ತೆಯಲ್ಲಿ ನಿಲ್ಲಿಸುವುದಿಲ್ಲ, ರಾತ್ರಿ ಹತ್ತರ ಮೇಲೆ ಸದ್ದಿಲ್ಲ ಎಂದು ಮಾತು ಕೊಟ್ಟು ಬನ್ನಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ 2000ದ ಶಬ್ದ ನಿಯಮಗಳಲ್ಲೇ ತಡೆಯಿದೆ. ಇದರಲ್ಲಿ ನಾವು ಬಿಟ್ಟುಕೊಡುವುದು ಏನೂ ಇಲ್ಲ. ಹಾಲು, ಮೊಟ್ಟೆ, ತರಕಾರಿಗಳನ್ನು ಪೇಟೆಯಿಂದ ತರುವ ಬದಲು ಆ ಮನೆಗಳಿಂದಲೇ ಕೊಳ್ಳುವಂತಾದರೆ ಇನ್ನೂ ಒಳ್ಳೆಯದು. ಹೀಗೆ ಮಾಡಿದ ಒಬ್ಬ ಸದಸ್ಯೆಯ ನೆರೆಯವರು, ಕೇಳದಿದ್ದರೂ, ಅವರ ಪರವಾಗಿ ವಿಚಾರಣೆಗೆ ಬರುತ್ತೇವೆ ಎಂದಿದ್ದಾರೆ.

ಅತಿಥಿಗಳ ಹೆಸರು, ವಿಳಾಸ, ಗುರುತಿನ ಚೀಟಿ ಬರೆದಿಡುವ ಪುಸ್ತಕ ಇಂದಿನಿಂದಲೇ ಇರಬೇಕು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ವರದಿ ಹೋಗಬೇಕು. ಇದನ್ನು ತಪ್ಪಿಸಿದರೆ ಅದು ಅಪರಾಧ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸದವರು ವಿಚಾರಣೆಗೆ ಮೊದಲೇ ಅರ್ಜಿ ಹಾಕಿ ಅದರ ರಸೀದಿ ತೆಗೆದಿಟ್ಟುಕೊಳ್ಳಬೇಕು. ವಿರೂಪಾಪುರ ಗಡ್ಡೆಯಲ್ಲಿ ಅಳತೆ ಹಾಕಿದ್ದು ಕಾಗದದಿಂದ.

ಕೊನೆಗೆ, ಯಾವ ಹೆಸರಿನಲ್ಲಿ ನಿಲ್ಲುವುದು? ನಮ್ಮ ಸಂಘದ ಬೈಲಾದಲ್ಲಿರುವ ಉದ್ದೇಶಗಳು ಸಾಲ, ಗೊಬ್ಬರ, ಮಾರಾಟ. ಹೋಂಸ್ಟೇ ಅದರಲ್ಲಿಲ್ಲ. ಸಂಘದ ಹಣ ಇದಕ್ಕೆ ಖರ್ಚಾದರೆ ಲೆಕ್ಕ ಪರಿಶೋಧಕರು ಆಕ್ಷೇಪಿಸುತ್ತಾರೆ, ಆಕ್ಷೇಪಿಸಲೂಬೇಕು. ಹೋಂಸ್ಟೇ ಇಲ್ಲದ ಸದಸ್ಯರ ಹಣವೂ ಅದರಲ್ಲಿದೆ ಎಂಬುದನ್ನು ಮರೆಯುವಂತಿಲ್ಲ. ಆದ್ದರಿಂದ ಈ ಮನೆಗಳವರು ಬೇರೆಯಾಗಿ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಕೆಳಗೆ ಒಂದು ಸಂಘ ಮಾಡಿಕೊಳ್ಳಬಹುದು. ಅದಕ್ಕೆ ಏಳು ಜನ ಸಾಕು. ಮುಂದೆ ಒಟ್ಟಿಗೆ ಮುಂಗಡ ಬುಕಿಂಗ್, ಒಟ್ಟಿಗೆ ಸಾಮಾನು ಖರೀದಿ ಎಂದು ವ್ಯವಹಾರಕ್ಕೆ ಇಳಿಯುವುದಾದರೆ 1959ರ ಸಹಕಾರ ಸಂಘಗಳ ಕಾಯಿದೆ ಇದೆ. ಅದಕ್ಕೆ ಬೇರೆ ಬೇರೆ ಕುಟುಂಬಗಳ ಹತ್ತು ಜನ ಬೇಕು. ಅವಸರವಿಲ್ಲ. ಸದ್ಯಕ್ಕೆ ವಿಚಾರಣೆಯ ದಿನ ಎಲ್ಲರೂ ಸಹಿ ಮಾಡಿದ ಒಂದು ಹೇಳಿಕೆ, ಅದನ್ನು ಓದಿ ಹೇಳುವ ಇಬ್ಬರು, ಕೊಟ್ಟದ್ದಕ್ಕೆ ಮೊಹರು ಹಾಕಿದ ಸ್ವೀಕೃತಿ ಇಷ್ಟಾದರೆ ಸಾಕು.

ವಿಚಾರಣೆಗೆ ಹಿಂದಿನ ಭಾನುವಾರ ಬೆಳಿಗ್ಗೆ 10 ಗಂಟೆಗೆ ಸಂಘದ ಗೋದಾಮಿನ ಮಹಡಿಯಲ್ಲಿ ಸಭೆ ಸೇರತಕ್ಕದ್ದು. ಬರುವವರು ಮನೆ ತೆರಿಗೆಯ ಕಳೆದ ಮೂರು ವರ್ಷದ ರಸೀದಿ, ಪಹಣಿ, ಮನೆಯ ಅಳತೆ, ಅತಿಥಿಗಳ ಪುಸ್ತಕ ತರಬೇಕು. ಹೋಂಸ್ಟೇ ಇಲ್ಲದ ಸದಸ್ಯರೂ, ವಿಶೇಷವಾಗಿ ಇದರಿಂದ ತೊಂದರೆಯಾಗಿದೆ ಎನ್ನುವವರೂ ಬರಬೇಕೆಂದು ಕೋರುತ್ತೇವೆ. ಅವರ ಮಾತನ್ನು ಮೊದಲು ಕೇಳಲಾಗುವುದು. ರೆಸಾರ್ಟಿನವರು ಆ ದಿನದ ಚಹಾ ತಿಂಡಿಯ ಖರ್ಚಾದರೂ ತಮ್ಮದಿರಲಿ ಎಂದಿದ್ದಾರೆ. ಬೇಡವೆಂದು ತಿಳಿಸಿದ್ದೇವೆ. ಕಾಫಿಪುಡಿ ನಮ್ಮಲ್ಲೇ ಇದೆ. ಹಾಲು, ಬೆಲ್ಲ ತರುವವರು ಮುಂಚಿತವಾಗಿ ಹೆಸರು ಕೊಡಬೇಕು.